ಅರವತ್ತು ದಿನದ ಸುದ್ದಿ: ಬರೆಯದೆ ಬಿಟ್ಟ ಅರ್ಧ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ಸಾಫ್ಟ್‌ವೇರ್ ನೌಕರರ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. 60 ದಿನದೊಳಗೆ ದೇಶ ಬಿಡಬೇಕು, ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಪರವಾನಗಿ) ಅರ್ಜಿಯೂ ಮಣ್ಣುಪಾಲು ಎನ್ನುವ ಧಾಟಿ. ಇಂಥದೇ ಒಂದು ಸುದ್ದಿ 2023ರ ಫೆಬ್ರವರಿಯಲ್ಲಿ ತಿಪಟೂರಿನ ನಮ್ಮ ಮನೆಯ ಅಂಗಳಕ್ಕೆ ಬೆಳಗಿನ ಪೇಪರಿನ ಜೊತೆ ಬಂದು ಬಿದ್ದಿತ್ತು. ಆಗ ನನ್ನ ಕೆಲಸ ಹೋಗಿ ಒಂದು ತಿಂಗಳು. ಅಮ್ಮನಿಗೆ ನಾನು ಹೇಳಿರಲಿಲ್ಲ, ಪೇಪರ್ ಹೇಳಿತು. ಸುದ್ದಿಯಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಅರ್ಧವೇ ಇತ್ತು. ಉಳಿದರ್ಧ ಅಲ್ಲಿ ಇಲ್ಲದ್ದರಿಂದ ಎಪ್ಪತ್ತೊಂದು ವರ್ಷದ ನನ್ನ ತಾಯಿ ಆ ವರ್ಷದ ಶಿವರಾತ್ರಿ ಜಾಗರಣೆಯನ್ನು ಅಳುತ್ತಾ ಮಾಡಿದಳು. ಆ ಉಳಿದರ್ಧವನ್ನು ಬರೆಯಲು ಈ ಪತ್ರ. ಉದ್ದವಾಗಿದೆ, ಕ್ಷಮಿಸಿ. ಸಾಧ್ಯವಾದರೆ ಕತ್ತರಿಸದೆ ಹಾಕಿ.

ನಮ್ಮಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ತುಮಕೂರಿನಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, 2010ರಲ್ಲಿ ಎಚ್-1ಬಿ, ಅಂದರೆ ಕಂಪನಿ ಕರೆಸಿಕೊಳ್ಳುವ ಕೆಲಸದ ವೀಸಾದ ಮೇಲೆ ಟೆಕ್ಸಸ್‌ಗೆ ಬಂದೆ. ಡಲ್ಲಾಸ್ ಪಕ್ಕದ ಪ್ಲೇನೊದಲ್ಲಿ ಮನೆ. ಆರೋಗ್ಯ ವಿಮೆಯ ಕ್ಲೇಮ್‌ಗಳನ್ನು ಲೆಕ್ಕ ಹಾಕುವ ಸಾಫ್ಟ್‌ವೇರನ್ನು ಟೆಸ್ಟ್ ಮಾಡುವುದು ನನ್ನ ಕೆಲಸ. ಮಗ 2009ರಲ್ಲಿ ತಿಪಟೂರಿನಲ್ಲಿ ಹುಟ್ಟಿ ವರ್ಷದ ಕೂಸಾಗಿ ಇಲ್ಲಿಗೆ ಬಂದವನು. ಮಗಳು ಇಲ್ಲೇ ಹುಟ್ಟಿದವಳು. ನಮ್ಮ ಮನೆಯಲ್ಲಿ ವೀಸಾ ನನ್ನ ಹೆಸರಿನದು. ನಮ್ಮ ಯಜಮಾನರದು ಎಚ್-4, ಅಂದರೆ ನನ್ನ ವೀಸಾದ ಬೆನ್ನಿಗೆ ಕಟ್ಟಿದ ವೀಸಾ. ಗ್ರೀನ್ ಕಾರ್ಡ್ ಸರತಿಯಲ್ಲಿ ಕಾಯುತ್ತಿರುವವರ ಗಂಡ ಅಥವಾ ಹೆಂಡತಿಗೂ ಕೆಲಸದ ಪರವಾನಗಿ ಕೊಡುವ ನಿಯಮ 2015ರಲ್ಲಿ ಬಂತು. ಆಮೇಲೆ ಅವರು ಒಂದು ಟ್ಯಾಕ್ಸ್ ಆಫೀಸಿಗೆ ಸೇರಿದರು. ಆ ಪರವಾನಗಿ ನಿಂತಿರುವುದೂ ನನ್ನ ಎಚ್-1ಬಿ ಮೇಲೆಯೇ. ಹಾಗಾಗಿ ನನ್ನ ಕೆಲಸ ಹೋದರೆ ಅಲ್ಲಾಡುವುದು ಒಂದು ಸಂಬಳ ಮಾತ್ರವಲ್ಲ.

2023ರ ಜನವರಿ 18, ಬುಧವಾರ. ಆ ತಿಂಗಳ ಮೊದಲ ವಾರ ಅಮೆಜಾನ್ 18,000ಕ್ಕೂ ಹೆಚ್ಚು ಜನರನ್ನು ತೆಗೆಯುವುದಾಗಿ ಹೇಳಿತ್ತು. ನಮ್ಮದು ಅಷ್ಟು ಹೆಸರಾದ ಕಂಪನಿಯಲ್ಲ, ನಮ್ಮ ತನಕ ಬರುವುದಿಲ್ಲ ಎಂದುಕೊಂಡಿದ್ದೆ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬಂದು ಅವರೆಕಾಳು ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದೆ, ಒಂಬತ್ತಕ್ಕೆ ಒಂದು ಕರೆ ಎಂದು ಲ್ಯಾಪ್‌ಟಾಪ್ ಸದ್ದು ಮಾಡಿತು. ಮ್ಯಾನೇಜರ್ ಕ್ಯಾಮೆರಾ ಹಾಕಿರಲಿಲ್ಲ, ಎಚ್‌ಆರ್‌ನವರು ಹಾಕಿದ್ದರು. ಹನ್ನೊಂದು ನಿಮಿಷ. ತಿಂಗಳ ಕೊನೆಯವರೆಗೆ ಸಂಬಳ, ಆಮೇಲೆ ಎಂಟು ವಾರದ ಪರಿಹಾರ. ನಾನು ಕೇಳಿದ್ದು ಒಂದೇ ಮಾತು: ನನ್ನ ಐ-140ರ ಪ್ರತಿ ಕೊಡುತ್ತೀರಾ? ಅದು ಕಂಪನಿಯ ಅರ್ಜಿ, ನೌಕರರಿಗೆ ಕೊಡುವ ಪದ್ಧತಿ ಇಲ್ಲ ಎಂದರು. ಹತ್ತು ಗಂಟೆಗೆ ಲ್ಯಾಪ್‌ಟಾಪ್ ಲಾಕ್ ಆಯಿತು. ಹದಿಮೂರು ವರ್ಷದ ಇಮೇಲ್ ಎಲ್ಲ ಅದರೊಳಗೇ ಉಳಿಯಿತು. ಉಪ್ಪಿಟ್ಟು ತಳ ಹತ್ತಿ ಮನೆಯೆಲ್ಲ ಹೊಗೆ.

ಐ-140 ಎಂದರೇನು ಎಂದು ಇಲ್ಲಿ ಹೇಳಬೇಕು, ಯಾಕೆಂದರೆ ತಮ್ಮ ವರದಿಯಲ್ಲಿ ಇಲ್ಲದ್ದು ಇದೇ. ಉದ್ಯೋಗದ ಮೇಲೆ ಗ್ರೀನ್ ಕಾರ್ಡ್ ಬರುವುದು ಮೂರು ಮೆಟ್ಟಿಲು ಹತ್ತಿದ ಮೇಲೆ. ಮೊದಲನೆಯದು ಪರ್ಮ್. ಈ ಹುದ್ದೆಗೆ ಅರ್ಹ ಅಮೆರಿಕನ್ ಯಾರೂ ಸಿಗಲಿಲ್ಲ ಎಂದು ಕಂಪನಿ ಜಾಹೀರಾತು ಕೊಟ್ಟು, ಹುಡುಕಿ, ಇಲ್ಲಿನ ಕಾರ್ಮಿಕ ಇಲಾಖೆಗೆ ತೋರಿಸಬೇಕು. ಆ ಅರ್ಜಿ ಸಲ್ಲಿಸಿದ ದಿನವೇ ನಮ್ಮ ಸರತಿಯ ದಿನಾಂಕ. ಪ್ರಯಾರಿಟಿ ಡೇಟ್ ಅಂತಾರೆ. ಎರಡನೆಯದು ಐ-140: ಈ ವ್ಯಕ್ತಿ ನಮಗೆ ಬೇಕು, ಸಂಬಳ ಕೊಡುವ ಶಕ್ತಿ ನಮಗಿದೆ ಎಂದು ಕಂಪನಿ ವಲಸೆ ಇಲಾಖೆಯ ಮುಂದೆ ಇಡುವ ಅರ್ಜಿ. ಅದು ಒಪ್ಪಿಗೆಯಾದರೆ ಸರತಿಯ ದಿನಾಂಕ ನಮ್ಮದಾಗಿ ನಿಲ್ಲುತ್ತದೆ. ಮೂರನೆಯದು ಐ-485, ನಾವೇ ಹಾಕುವ ಕೊನೆಯ ಅರ್ಜಿ. ಸರತಿ ನಮ್ಮ ದಿನಾಂಕದವರೆಗೆ ಬಂದಾಗ ಮಾತ್ರ ಅದನ್ನು ಹಾಕಲು ಬಿಡುತ್ತಾರೆ. ನನ್ನ ಪರ್ಮ್ ಸಲ್ಲಿಕೆಯಾದದ್ದು 2015ರ ಮಾರ್ಚ್‌ನಲ್ಲಿ, ಐ-140 ಒಪ್ಪಿಗೆಯಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಎಚ್-1ಬಿಗೆ ಆರು ವರ್ಷದ ಮಿತಿ ಇದ್ದರೂ ನಾನು ಹದಿಮೂರು ವರ್ಷ ಇದ್ದದ್ದು ಈ ಐ-140 ಬಲದಿಂದಲೇ. ಅದಿದ್ದರೆ ಮೂರು ಮೂರು ವರ್ಷಕ್ಕೆ ಮುಂದುವರಿಸುತ್ತಾರೆ.

ಅಷ್ಟು ಮುಖ್ಯವಾದ ಕಾಗದ ನನ್ನ ಕೈಯಲ್ಲಿರಲಿಲ್ಲ. ಒಪ್ಪಿಗೆ ಪತ್ರ ಹೋಗುವುದು ಕಂಪನಿಗೆ ಮತ್ತು ಕಂಪನಿಯ ಲಾಯರಿಗೆ. ಕೆಲಸ ಚೆನ್ನಾಗಿ ನಡೆಯುತ್ತಿದ್ದಾಗ ಕೇಳಿ ಇಟ್ಟುಕೊಳ್ಳುವ ಬುದ್ಧಿ ನನಗೆ ಬರಲಿಲ್ಲ. ಆ ಸಂಜೆ ನಮ್ಮವರು ಟ್ಯಾಕ್ಸ್ ಆಫೀಸಿನಿಂದ ಬಂದವರೇ ಶೂ ಕೂಡ ಬಿಚ್ಚದೆ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದರು. ಅವರ ಕೆಲಸದ ಪರವಾನಗಿಗೆ ಅರ್ಜಿ ಹಾಕುವಾಗ ನನ್ನ ಐ-140 ಒಪ್ಪಿಗೆಯ ಪ್ರತಿಯನ್ನು ಲಗತ್ತಿಸಬೇಕು, ಆಗ ಲಾಯರ್ ಆಫೀಸಿನವರು ಕಳಿಸಿದ್ದರು. ಗ್ಯಾಸ್ ಬಿಲ್, ಮಗನ ಲಸಿಕೆ ಕಾರ್ಡ್, ಹಳೆಯ ಬಾಡಿಗೆ ಕರಾರಿನ ನಡುವೆ ಅದು ಸಿಕ್ಕಿತು. ಒಂದು ಮೂಲೆ ಮಡಚಿದ ಒಂದೇ ಹಾಳೆ. ಮೇಲ್ಗಡೆ ನನ್ನ ಹೆಸರು, ರಸೀದಿ ಸಂಖ್ಯೆ, ಪ್ರಯಾರಿಟಿ ಡೇಟ್. ನಮ್ಮವರು ಅದನ್ನು ದೇವರ ಮುಂದೆ ಇಟ್ಟು ಬಂದರು. ಆ ರಾತ್ರಿ ನಾನು ಅನ್ನ ತಿಂದೆ.

ಕಾಗದ ಸಿಗದವರಿಗೂ ದಾರಿ ಇದೆ. ತಮ್ಮ ಕಡತದ ಪ್ರತಿ ಕೊಡಿ ಎಂದು ಅಮೆರಿಕದ ಮಾಹಿತಿ ಹಕ್ಕಿನ ಕಾಯ್ದೆಯಡಿ ವಲಸೆ ಇಲಾಖೆಯನ್ನೇ ಕೇಳಬಹುದು. ಆದರೆ ದಿನ ಎಣಿಸುತ್ತಾ ಕೂತವರಿಗೆ ಅದು ತಡವಾಗುತ್ತದೆ.

ಈಗ ಆ 60 ದಿನ. ಕೊನೆಯ ಸಂಬಳದ ದಿನದ ಮರುದಿನದಿಂದ ಲೆಕ್ಕ ಶುರು. ನಮ್ಮ ಅಡಿಗೆಮನೆಯಲ್ಲಿ ಅಮ್ಮ ಕಳಿಸಿದ ಗೋಡೆ ಕ್ಯಾಲೆಂಡರ್ ಇತ್ತು, ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವಂಥದು. ಫೆಬ್ರವರಿ 1ರ ಮೇಲೆ ಪೆನ್ಸಿಲಿನಲ್ಲಿ ಸಣ್ಣದಾಗಿ ಒಂದು ಎಂದು ಬರೆದು ಎಣಿಸುತ್ತಾ ಹೋದೆ. ಶಿವರಾತ್ರಿಗೆ ಹದಿನೆಂಟು. ಯುಗಾದಿಗೆ ಐವತ್ತು. ಏಪ್ರಿಲ್ 1, ಶನಿವಾರ, ಅರವತ್ತು. ಮಕ್ಕಳಿಗೆ ಅರ್ಥವಾಗದಿರಲಿ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದೆ. ಮಗ ಒಂದು ವಾರದಲ್ಲಿ ಕನ್ನಡ ಅಂಕಿ ಕಲಿತುಬಿಟ್ಟ. ಹದಿಮೂರು ವರ್ಷದ ಹುಡುಗ ಊಟದ ತಟ್ಟೆಯ ಮುಂದೆ ಕೂತು, ‘ಅಮ್ಮಾ, ಇವತ್ತು ಒಂಬತ್ತಾ?’ ಅಂದ. ಆಮೇಲೆ ನಾನು ಅವನಿಂದ ಏನನ್ನೂ ಮುಚ್ಚಿಡಲಿಲ್ಲ.

ಅಮ್ಮನ ಫೋನ್ ಬಂದದ್ದು ಹದಿನೆಂಟನೆಯ ದಿನ. ಇಲ್ಲಿ ಶನಿವಾರ ಬೆಳಿಗ್ಗೆ, ಅಲ್ಲಿ ಜಾಗರಣೆಯ ರಾತ್ರಿ, ಹಿಂದೆ ಗುಡಿಯ ಮೈಕಿನಿಂದ ಭಜನೆ. ‘ಏನೇ ಇದು, ಅರವತ್ತು ದಿನಕ್ಕೆ ಓಡಿಸ್ತಾರಂತೆ? ನಿನ್ನ ಕೆಲಸ ಇದೆ ತಾನೆ?’ ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಅವಳು ಅತ್ತಳು. ‘ಅಷ್ಟು ವರ್ಷ ಕಾದಿದ್ದೆಲ್ಲಾ ನೀರಲ್ಲಿ ಹೋಮ ಮಾಡ್ದಂಗಾಯ್ತಲ್ಲೇ’ ಅಂದಳು. ಆಗ ನನಗೆ ಸೀಮೆಎಣ್ಣೆ ಅಂಗಡಿ ನೆನಪಿಗೆ ಬಂತು. ನಾನು ಸಣ್ಣವಳಿದ್ದಾಗ ಸೊಸೈಟಿಗೆ ಸೀಮೆಎಣ್ಣೆ ಬರುವ ದಿನ ಬೆಳಗಿನ ಜಾವಕ್ಕೇ ಅಮ್ಮ ನನ್ನ ಕೈಯಲ್ಲಿ ಡಬ್ಬ ಕೊಟ್ಟು ಕಳಿಸುತ್ತಿದ್ದಳು. ಸಾಲಿನಲ್ಲಿ ಡಬ್ಬ ಇಟ್ಟು ಎದುರು ಮನೆಯ ಜಗಲಿಯಲ್ಲಿ ಕೂರುವುದು. ಡಬ್ಬ ಇಟ್ಟವರ ಜಾಗಕ್ಕೆ ಯಾರೂ ಬರುತ್ತಿರಲಿಲ್ಲ. ‘ಅಮ್ಮ, ಡಬ್ಬ ಸಾಲಲ್ಲೇ ಇದೆ. ಕಾಯೋಕೆ ಕೂತಿದ್ದ ಜಗಲಿಯಿಂದ ಎದ್ದೇಳು ಅಂದವ್ರೆ, ಅಷ್ಟೇ. ಇನ್ನೊಂದು ಜಗಲಿ ಹುಡುಕ್ತಾ ಇದೀನಿ’ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಡಬ್ಬ ಯಾರೂ ಎತ್ತಾಕಲ್ವಾ?’ ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಲಾಯರ್ ನನ್ನಿಂದ ಬರೆಸಿದ್ದ ಪ್ರಶ್ನೆಪಟ್ಟಿಯಲ್ಲೂ ಮೊದಲನೆಯದು ಅದೇ ಆಗಿತ್ತು.

ಉತ್ತರ ಕಾನೂನಿನಲ್ಲಿದೆ. ಐ-140 ಒಪ್ಪಿಗೆಯಾಗಿ 180 ದಿನ ಕಳೆದ ಮೇಲೆ ಕಂಪನಿ ಅದನ್ನು ಹಿಂತೆಗೆದುಕೊಂಡರೂ, ಕಂಪನಿಯೇ ಮುಚ್ಚಿಹೋದರೂ ಅಷ್ಟಕ್ಕೇ ಆ ಒಪ್ಪಿಗೆ ರದ್ದಾಗುವುದಿಲ್ಲ. ಮೋಸ ಅಥವಾ ದೊಡ್ಡ ತಪ್ಪು ಬಯಲಾದರೆ ಮಾತು ಬೇರೆ. ಹೊಸ ಕಂಪನಿ ಮತ್ತೆ ಪರ್ಮ್, ಮತ್ತೆ ಐ-140 ಮಾಡಲೇಬೇಕು, ಆದರೆ ಸರತಿಯ ದಿನಾಂಕ ಹಳೆಯದೇ ನಡೆಯುತ್ತದೆ. ಹೊಸ ಎಚ್-1ಬಿಗೆ, ಮೊದಲ ಸಲದವರನ್ನು ಆರಿಸುವ ಲಾಟರಿಯೂ ಬೇಡ, ವರ್ಷದ ಮಿತಿಯೊಳಗೆ ಒಮ್ಮೆ ಎಣಿಕೆಯಾದವರನ್ನು ಮತ್ತೆ ಎಣಿಸುವುದಿಲ್ಲ. ಇನ್ನೊಂದು ಸಂಗತಿ ತಮ್ಮ ಓದುಗರಿಗೆ ಗೊತ್ತಿರಬೇಕು: 60 ದಿನದ ನಿಯಮವೂ ಈ ರಕ್ಷಣೆಯ ನಿಯಮವೂ ಒಂದೇ ಆದೇಶದಲ್ಲಿ, ಒಂದೇ ದಿನ, 2017ರ ಜನವರಿ 17ರಂದು ಜಾರಿಗೆ ಬಂದವು. ಅದಕ್ಕೆ ಮೊದಲು ಎಚ್-1ಬಿಯವರಿಗೆ ಹೀಗೆ ಬರೆದಿಟ್ಟ ಅರವತ್ತು ದಿನವೂ ಇರಲಿಲ್ಲ. ಆ ಅವಧಿ ಕೊಟ್ಟದ್ದು ಉಸಿರು ತೆಗೆದುಕೊಳ್ಳಲಿ ಎಂದು. ಪತ್ರಿಕೆಗಳಲ್ಲಿ ಅದು ಗಡೀಪಾರಿನ ನೋಟಿಸಿನ ಹಾಗೆ ಕಾಣುತ್ತದೆ.

ನನ್ನ ಡಬ್ಬ ಇನ್ನೂ ಸಾಲಿನಲ್ಲೇ ಯಾಕಿದೆ ಎನ್ನುವುದು ಇನ್ನೊಂದು ನೋವು. ವರ್ಷಕ್ಕೆ ಉದ್ಯೋಗದ ಗ್ರೀನ್ ಕಾರ್ಡ್ ಸುಮಾರು 1,40,000, ಅದರಲ್ಲಿ ಗಂಡ, ಹೆಂಡತಿ, ಮಕ್ಕಳೂ ಸೇರಿ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಶೇ 7ಕ್ಕಿಂತ ಹೆಚ್ಚಿಲ್ಲ. 140 ಕೋಟಿಯ ಭಾರತಕ್ಕೂ ನಾಲ್ಕು ಲಕ್ಷದ ಐಸ್‌ಲ್ಯಾಂಡಿಗೂ ಒಂದೇ ಮಿತಿ. ನನ್ನದು ಇಬಿ-2, ಅಂದರೆ ಉದ್ಯೋಗದ ಗ್ರೀನ್ ಕಾರ್ಡಿನ ಎರಡನೆಯ ವಿಭಾಗ. ಬೇರೆ ದೇಶದವರು ಬಿಟ್ಟದ್ದು ಸಿಗದಿದ್ದರೆ ಅದರಲ್ಲಿ ಭಾರತದ ಪಾಲು ವರ್ಷಕ್ಕೆ 2,800ರ ಆಸುಪಾಸು. ಕೋವಿಡ್ ಕಾಲದಲ್ಲಿ ದೂತಾವಾಸಗಳು ಮುಚ್ಚಿ ಕುಟುಂಬ ವಿಭಾಗದ ವೀಸಾಗಳು ಉಳಿದು ಉದ್ಯೋಗ ವಿಭಾಗಕ್ಕೆ ಬಂದವು. 2022ರಲ್ಲಿ ಒಟ್ಟು 2,81,000 ದಾಟಿತ್ತು. ಸರತಿ ಯಾವ ದಿನಾಂಕದವರೆಗೆ ಬಂದಿದೆ ಎಂದು ಪ್ರತಿ ತಿಂಗಳು ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ನಮ್ಮ ಸಾಲು ಓಡಿತು. ಆ ಜುಲೈಯಲ್ಲಿ 2014ರ ಡಿಸೆಂಬರ್ 1 ಮುಟ್ಟಿತು. ನನ್ನದು 2015ರ ಮಾರ್ಚ್. ಮೂರೇ ತಿಂಗಳು. ಮನೆಯಲ್ಲಿ ಎಲ್ಲರ ಫೋಟೊ ತೆಗೆಸಿ, ಜನನ ಪ್ರಮಾಣಪತ್ರ ಎಲ್ಲ ಜೋಡಿಸಿಟ್ಟೆ. ಅಕ್ಟೋಬರ್ ಬುಲೆಟಿನ್ ಬಂದಾಗ ಸಾಲು ಹಿಂದಕ್ಕೆ ಸರಿದು 2012ರ ಏಪ್ರಿಲ್ 1ಕ್ಕೆ ಹೋಗಿ ಕೂತಿತು. ಆ ಫೋಟೊಗಳು ಇನ್ನೂ ಕವರಿನಲ್ಲೇ ಇವೆ, ಮಗಳಿಗೆ ಅದರಲ್ಲಿ ಮುಂದಿನ ಎರಡು ಹಲ್ಲಿಲ್ಲ.

ಸಂಪಾದಕರೇ, ಅದೇ ಜನವರಿಯಲ್ಲಿ ನಮ್ಮ ಕನ್ನಡ ಸಂಘದ ಮೂರು ಮನೆಯಲ್ಲಿ ಕೆಲಸ ಹೋಯಿತು. ಮೂವರಿಗೂ ಆದದ್ದು ಬೇರೆ ಬೇರೆ. ನನ್ನದು ಹೇಳಿದೆ. ಎರಡನೆಯವರು ಹಾಸನದ ಕಡೆಯವರು, ಅವರ ದಿನಾಂಕ 2014ರ ನವೆಂಬರ್. ಜುಲೈ ಮೊದಲ ವಾರವೇ ಐ-485 ಹಾಕಿಬಿಟ್ಟಿದ್ದರು. ಕೆಲಸ ಹೋಗುವಾಗ ಆ ಅರ್ಜಿ ಹಾಕಿ 180 ದಿನ ಕಳೆದು ಎರಡು ವಾರವಾಗಿತ್ತು. ಅಷ್ಟಾದ ಮೇಲೆ ಅದೇ ಬಗೆಯ ಕೆಲಸ ಬೇರೆ ಕಂಪನಿಯಲ್ಲಿ ಸಿಕ್ಕರೆ ಒಂದು ಫಾರಂ ತುಂಬಿ ಅರ್ಜಿಯನ್ನು ಹಾಗೇ ಮುಂದುವರಿಸಬಹುದು. ಪರ್ಮ್, ಐ-140 ಏನೂ ಮತ್ತೆ ಬೇಡ. ಅರ್ಜಿ ಬಾಕಿ ಇರುವಷ್ಟು ದಿನ ಇಲ್ಲಿ ಇರಲೂಬಹುದು. ಅವರು ಮನೆಯ ಕಂತಿಗೆ ಚಿಂತೆ ಮಾಡಿದರು, ಕ್ಯಾಲೆಂಡರ್ ನೋಡಲಿಲ್ಲ. ನಮ್ಮಿಬ್ಬರ ದಿನಾಂಕಕ್ಕೂ ಇದ್ದ ಅಂತರ ನಾಲ್ಕು ತಿಂಗಳು.

ಮೂರನೆಯವರು ಹುಬ್ಬಳ್ಳಿಯವರು. ಬಂದು ಐದು ವರ್ಷ ನಾಲ್ಕು ತಿಂಗಳಾಗಿತ್ತು. ಕಂಪನಿ ಪರ್ಮ್ ಅರ್ಜಿ ಹಾಕಿತ್ತು, ಒಪ್ಪಿಗೆ ಬಂದಿರಲಿಲ್ಲ. ಐ-140 ಇಲ್ಲ ಎಂದರೆ ಸಾಲಿನಲ್ಲಿ ಡಬ್ಬವೇ ಇಲ್ಲ. ಪರ್ಮ್ ಆ ಕಂಪನಿಯ ಆ ಹುದ್ದೆಗೆ ಅಂಟಿದ್ದು, ಕೆಲಸದ ಜೊತೆ ಅದೂ ಹೋಯಿತು. ಉಳಿದ ಎಂಟು ತಿಂಗಳಲ್ಲಿ ಯಾವ ಹೊಸ ಕಂಪನಿಯೂ ಮೊದಲಿಂದ ಮಾಡಿ ಮುಗಿಸಲಾರದು. ಅದರ ಮೇಲೆ ಅವರ ಹಳೆಯ ಕಂಪನಿ ಒಂದು ಅನ್ಯಾಯ ಮಾಡಿತು. ಅವಧಿಗೆ ಮೊದಲೇ ಎಚ್-1ಬಿ ನೌಕರನನ್ನು ತೆಗೆದರೆ ಅವನು ಊರಿಗೆ ಮರಳುವ ಖರ್ಚನ್ನು ಕಂಪನಿ ಕೊಡಬೇಕು ಎಂದು ನಿಯಮವಿದೆ. ರಾಜೀನಾಮೆ ಕೊಟ್ಟರೆ ಆ ಹೊಣೆ ಇಲ್ಲ. ‘ದಾಖಲೆಯಲ್ಲಿ ನಿಮಗೇ ಒಳ್ಳೆಯದು’ ಎಂದು ಅವರ ಕೈಯಲ್ಲಿ ರಾಜೀನಾಮೆ ಬರೆಸಿಕೊಂಡರು. ಅವಸರದಲ್ಲಿ ಸಹಿ ಹಾಕಿದರು. ಮಾರ್ಚ್ ಎರಡನೆಯ ವಾರ ಗ್ಯಾರೇಜಿನ ಮುಂದೆ ಸೋಫಾ, ಸೈಕಲ್, ಮಿಕ್ಸಿ ಹರಡಿ ಮಾರಿದರು. ಹತ್ತನೆಯ ತರಗತಿಯ ಮಗಳು ಪರೀಕ್ಷೆ ಬಿಟ್ಟು ಹೊರಟಳು. ಆಕೆಯ ತಾಯಿ ರೊಟ್ಟಿ ಹಂಚನ್ನು ಮಾತ್ರ ಮಾರಲಿಲ್ಲ. ನನ್ನ ಮನೆಗೆ ತಂದು, ‘ಇದು ನಿಮ್ಮ ಕಡೆ ಇರ್ಲಿ ಬಿಡ್ರಿ, ಸೂಟ್‌ಕೇಸಿನ್ಯಾಗ ತೂಕ ಆಗ್ತದ’ ಅಂದರು. ನಾವು ಮುದ್ದೆ ತಿನ್ನುವವರು. ಆ ಹಂಚಿನಲ್ಲಿ ರೊಟ್ಟಿ ತಟ್ಟಲು ನಾನಿನ್ನೂ ಕಲಿಯುತ್ತಿದ್ದೇನೆ.

ಈ ಮೂರು ಮನೆಯನ್ನೂ ‘60 ದಿನ’ ಎಂಬ ಒಂದೇ ಮಾತಿನೊಳಗೆ ತುಂಬಿದರೆ ಯಾರ ಕಥೆಯೂ ನಿಜವಾಗುವುದಿಲ್ಲ. ಜೊತೆಗೆ ಆ ಭಯವನ್ನೇ ವ್ಯಾಪಾರ ಮಾಡುವವರಿದ್ದಾರೆ. ಮೂವತ್ತನೆಯ ದಿನದ ಹೊತ್ತಿಗೆ ನನಗೂ ಒಂದು ಕನ್ಸಲ್ಟೆನ್ಸಿಯಿಂದ ಫೋನ್ ಬಂತು. ಅಕ್ಕ ಎಂದೇ ಕರೆದ. ‘ಪ್ರಾಜೆಕ್ಟ್ ಇಲ್ದಿದ್ರೂ ನಮ್ಮ ಪೇರೋಲಿಗೆ ಬನ್ನಿ ಅಕ್ಕ, ಪೇ ಸ್ಲಿಪ್ ಓಡಿಸ್ತೀವಿ. ದುಡ್ಡು ನೀವು ಕೊಡಿ, ಅದನ್ನೇ ಸಂಬಳ ಅಂತ ವಾಪಸ್ ಹಾಕ್ತೀವಿ’ ಅಂದ. ಗ್ರೀನ್ ಕಾರ್ಡ್ ಕೂಡ ಮಾಡಿಸುತ್ತೇನೆ, ಪರ್ಮ್ ಖರ್ಚು ನಿಮ್ಮದು ಎಂದ. ಎರಡೂ ಕಾನೂನಿಗೆ ವಿರುದ್ಧ. ಎಚ್-1ಬಿ ಮೇಲೆ ಕರೆದ ಕಂಪನಿ ಪ್ರಾಜೆಕ್ಟ್ ಇರಲಿ ಬಿಡಲಿ ಸಂಬಳ ಕೊಡಬೇಕು. ಪರ್ಮ್‌ನ ಖರ್ಚು, ಲಾಯರ್ ಫೀಸು ನೌಕರರಿಂದ ತೆಗೆದುಕೊಳ್ಳುವ ಹಾಗಿಲ್ಲ ಎಂದು 2007ರಿಂದಲೇ ನಿಯಮವಿದೆ. ಮುಂದೊಂದು ದಿನ ಗ್ರೀನ್ ಕಾರ್ಡ್ ಸಂದರ್ಶನದಲ್ಲಿ ಆ ಪೇ ಸ್ಲಿಪ್ ಕೇಳಿದರೆ ಹಿಡಿದಿಟ್ಟ ಸಾಲಿನ ಡಬ್ಬವನ್ನು ನಾವೇ ಒದ್ದ ಹಾಗೆ. ಅವನಿಗೆ ಆಗುವುದಿಲ್ಲ ಎಂದೆ. ಫೋನ್ ಇಟ್ಟ ಮೇಲೆ ಕೈ ನಡುಗುತ್ತಿತ್ತು, ಯಾಕೆಂದರೆ ಒಂದು ಕ್ಷಣ ನಾನು ಬ್ಯಾಂಕಿನ ಬಾಕಿ ಲೆಕ್ಕ ಹಾಕಿದ್ದೆ. ಪಾಪ, ಹೂಂ ಎಂದವರನ್ನು ನಾನು ಬೈಯಲಾರೆ. ಆ ಫೋನ್ ಮಾಡುವವನನ್ನು ಬೈಯುತ್ತೇನೆ.

60 ದಿನವೂ ನಿಜಕ್ಕೆ 60 ಅಲ್ಲ. ಹೊಸ ಕಂಪನಿ ಒಪ್ಪಿದ ಮೇಲೂ ಕಾರ್ಮಿಕ ಇಲಾಖೆಯಿಂದ ಸಂಬಳದ ದೃಢೀಕರಣ ಬರಲು ಏಳು ಕೆಲಸದ ದಿನ ಬೇಕು. ಅದಾದ ಮೇಲೆ ಲಾಯರ್ ಅರ್ಜಿ ಸಿದ್ಧ ಮಾಡಬೇಕು. ಆದ್ದರಿಂದ ನಲವತ್ತರ ಒಳಗೆ ಕೈಗೆ ಆಫರ್ ಬಂದರೆ ನೆಮ್ಮದಿ. ನನಗೆ ಬಂದದ್ದು ನಲವತ್ತೊಂದನೆಯ ದಿನ, ಮೊದಲಿಗಿಂತ ಕಡಿಮೆ ಸಂಬಳಕ್ಕೆ, ಆಸ್ಪತ್ರೆಗಳ ಬಿಲ್ಲಿಂಗ್ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಯಲ್ಲಿ. ಅಷ್ಟರಲ್ಲಿ ಲಾಯರ್ ಇನ್ನೊಂದು ಅರ್ಜಿಯನ್ನೂ ಸಹಿ ಹಾಕಿಸಿ ಇಟ್ಟಿದ್ದರು: ಗಡುವು ಮುಗಿಯುವುದರೊಳಗೆ ಸಂದರ್ಶಕ ವೀಸಾಕ್ಕೆ ಬದಲಾಯಿಸಿ ಎಂದು ಕೇಳುವ ಐ-539. ಅದನ್ನು ಸಮಯಕ್ಕೆ ಹಾಕಿದರೆ ತೀರ್ಮಾನ ಬರುವವರೆಗೆ ಇಲ್ಲಿ ಇರಬಹುದು, ದುಡಿಯುವ ಹಾಗಿಲ್ಲ. ಗಂಡನಿಗೋ ಹೆಂಡತಿಗೋ ಸ್ವಂತ ಎಚ್-1ಬಿ ಇದ್ದರೆ ಅವರ ಬೆನ್ನಿಗೆ ಎಚ್-4 ಆಗಬಹುದು. ಇಂಥ ದಾರಿಗಳಿವೆ ಎಂದು ಮೊದಲ ವಾರವೇ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ ನಾನು ಅಷ್ಟು ರಾತ್ರಿ ಎಚ್ಚರವಿರುತ್ತಿರಲಿಲ್ಲ. ಯುಗಾದಿಗೆ ಬೇವು ಬೆಲ್ಲ ಹಂಚುವಾಗಲೂ ಅರ್ಜಿ ಹೋಗಿರಲಿಲ್ಲ. ಸೋಮವಾರ, ಮಾರ್ಚ್ 27ಕ್ಕೆ, ಐವತ್ತೈದನೆಯ ದಿನ ಹೋಯಿತು. ಅರ್ಜಿ ತಲುಪಿದರೆ ಕೆಲಸಕ್ಕೆ ಸೇರಬಹುದು, ಒಪ್ಪಿಗೆಗೆ ಕಾಯಬೇಕಿಲ್ಲ. ಮರುದಿನ ರಸೀದಿ ಸಂಖ್ಯೆ ಬಂತು. ಮಗ ಕ್ಯಾಲೆಂಡರಿನ ಹತ್ತಿರ ಹೋಗಿ ಐವತ್ತೇಳರಿಂದ ಅರವತ್ತರವರೆಗಿನ ಅಂಕಿಗಳನ್ನು ರಬ್ಬರಿನಿಂದ ಒರೆಸಿದ. ಉಳಿದದ್ದನ್ನು ಹಾಗೇ ಬಿಟ್ಟ.

ಹಳೆಯ ಐ-140 ಆಧಾರದ ಮೇಲೆಯೇ ಹೊಸ ಕಂಪನಿಯಲ್ಲೂ ಮೂರು ವರ್ಷಕ್ಕೆ ಎಚ್-1ಬಿ ಸಿಕ್ಕಿತು. ಆ ಮಡಚಿದ ಮೂಲೆಯ ಹಾಳೆ ಎಷ್ಟು ದುಡಿದಿದೆ ನೋಡಿ. ಸಾಲು ಮಾತ್ರ ಆಮೆ ನಡಿಗೆ. 2025ರ ಅಕ್ಟೋಬರ್ ಬುಲೆಟಿನ್‌ನಲ್ಲೂ ನಮ್ಮ ವಿಭಾಗದ ದಿನಾಂಕ 2013ರಲ್ಲೇ ಇತ್ತು. ದೇಶವಾರು ಮಿತಿ ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365–65 ಮತಗಳಿಂದ ಗೆದ್ದಿತ್ತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಅದರದೇ ಇನ್ನೊಂದು ರೂಪವನ್ನು ಒಪ್ಪಿತ್ತು. ಎರಡನ್ನೂ ಒಂದು ಮಾಡುವುದರೊಳಗೆ ಆ ಸಂಸತ್ತಿನ ಅವಧಿ ಮುಗಿಯಿತು. ನನ್ನ ಮಗನಿಗೆ 2030ರಲ್ಲಿ ಇಪ್ಪತ್ತೊಂದು ತುಂಬುತ್ತದೆ. ಅಂದು ಅವನು ನನ್ನ ವೀಸಾದ ಬೆನ್ನಿಗಿರುವ ಎಚ್-4ರಿಂದ ಹೊರಗೆ. ಒಂದು ವರ್ಷದ ಕೂಸಿನಿಂದ ಬೆಳೆದ ಊರಿನಲ್ಲಿ ವಿದೇಶಿ ವಿದ್ಯಾರ್ಥಿಯಾಗಿ ವೀಸಾ ಕೇಳಬೇಕು. ಅವನ ತಂಗಿ ಅಮೆರಿಕದ ಪ್ರಜೆ. ಒಂದೇ ಮನೆ, ಒಂದೇ ತಟ್ಟೆಯಲ್ಲಿ ತಿಂದವರು.

ಸುಮ್ಮನೆ ಬಂದುಬಿಡಿ, ಇಲ್ಲಿ ಕೆಲಸ ಇಲ್ಲವೇ ಎಂದು ಊರಿನಲ್ಲಿ ಅನ್ನುವವರಿದ್ದಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಬರುವುದರಲ್ಲಿ ಅವಮಾನವೇನೂ ಇಲ್ಲ, ಹುಬ್ಬಳ್ಳಿಯವರು ಈಗ ಅಲ್ಲಿ ನೆಮ್ಮದಿಯಾಗಿದ್ದಾರೆ. ಆದರೆ ಅದು ಕೂತು ಯೋಚಿಸಿ ಮಾಡುವ ತೀರ್ಮಾನ. ಅಮೆರಿಕದ ಹೊರಗಿರುವವರಿಗೆ ಹೊಸ ಎಚ್-1ಬಿ ಅರ್ಜಿ ಹಾಕುವ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು ಎಂದು 2025ರ ಸೆಪ್ಟೆಂಬರ್‌ನಲ್ಲಿ ಆದೇಶವಾಯಿತು. ಒಳಗಿದ್ದುಕೊಂಡೇ ಕಂಪನಿ ಬದಲಿಸುವವರಿಗೆ ಆ ಶುಲ್ಕ ಹಾಕಲಿಲ್ಲ. ಭಯಬಿದ್ದು ವಿಮಾನ ಹತ್ತಿದವರಿಗೆ ಸರತಿಯ ದಿನಾಂಕ ಉಳಿದರೂ ಮರಳುವ ಬಾಗಿಲು ಎಷ್ಟು ಭಾರವಾಗುತ್ತದೆ ಎಂದು ಇದರಿಂದ ತಿಳಿಯಬಹುದು. ಹಾಗಾಗಿಯೇ ಅರ್ಧ ಸುದ್ದಿ ಎಂದರೆ ನನಗೆ ಇಷ್ಟು ಸಂಕಟ.

ತಮ್ಮಲ್ಲಿ ನನ್ನ ಬೇಡಿಕೆ ಇದು. ಮುಂದಿನ ಸಲ ಇಂಥ ಸುದ್ದಿ ಹಾಕುವಾಗ ಆ ನೌಕರ ಯಾವ ಮೆಟ್ಟಿಲಿನಲ್ಲಿದ್ದ ಎಂದು ಒಂದು ಸಾಲು ಸೇರಿಸಿ: ಪರ್ಮ್‌ನಲ್ಲೋ, ಐ-140 ಆಗಿತ್ತೋ, ಐ-485 ಹಾಕಿ ಆರು ತಿಂಗಳಾಗಿತ್ತೋ. ಸಾಧ್ಯವಾದರೆ ವಲಸೆ ಕಾನೂನು ಬಲ್ಲವರಿಂದ ಕನ್ನಡದಲ್ಲಿ ಒಂದು ಪುಟ ಬರೆಸಿ. ನಾನು ಲಾಯರ್ ಅಲ್ಲ, ನನ್ನ ಮನೆಯಲ್ಲಿ ನಡೆದದ್ದನ್ನು ಬರೆದಿದ್ದೇನೆ. ಈ ಎರಡು ವರ್ಷಗಳಲ್ಲಿ ಹನ್ನೊಂದು ಜನ ನನಗೆ ಫೋನ್ ಮಾಡಿದ್ದಾರೆ, ಅವರಲ್ಲಿ ಏಳು ಜನಕ್ಕೆ ತಮ್ಮ ಐ-140 ಎಲ್ಲಿದೆ ಎಂದು ಗೊತ್ತಿರಲಿಲ್ಲ. ಮಕ್ಕಳು ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರು ಈ ಪತ್ರ ಓದುತ್ತಿದ್ದರೆ, ಈ ಭಾನುವಾರ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: ‘ಐ-140 ಕಾಗದದ ಪ್ರತಿ ನಿನ್ನ ಕೈಯಲ್ಲಿ ಇದೆಯಾ?’ ಇಲ್ಲ ಎಂದರೆ ಸೋಮವಾರವೇ, ಕೆಲಸದಲ್ಲಿರುವಾಗಲೇ, ಕೇಳಿ ತೆಗೆದಿಟ್ಟುಕೊಳ್ಳಲು ಹೇಳಿ.

ಹೆಸರು ಪ್ರಕಟಿಸಬೇಡಿ ಎಂದು ವಿನಂತಿ.

— ತಿಪಟೂರಿನ ಮಗಳು, ಪ್ಲೇನೊ, ಟೆಕ್ಸಸ್